ಕಾಡಣಬೆಯ ಔಷಧಿ ಸತ್ವಗಳು: ಯಾವುದು ಬೇಕಿದ್ದರೆ ಯಾವ ಅಣಬೆ, ಯಾವ ರೂಪದಲ್ಲಿ

ಮುಂಗಾರಿನ ಗುಡುಗು ಶುರುವಾಗಿ ಕೆಲವು ದಿನ ಕಳೆಯುವಷ್ಟರಲ್ಲಿ ಉಡುಪಿ, ಕಾರ್ಕಳದ ಕಡೆಯ ಪೇಟೆಗಳಲ್ಲಿ ಕಲ್ಲಣಬೆಯ ಬುಟ್ಟಿಗಳು ಕಾಣಿಸುತ್ತವೆ. ಮಲೆನಾಡು, ಕೊಡಗಿನ ರಸ್ತೆಬದಿಯಲ್ಲಿ ಎಲೆಯ ಮೇಲೆ ಹುತ್ತದಣಬೆ ಮಾರಾಟಕ್ಕೆ ಬರುತ್ತದೆ. ಅತ್ತ ಮೊಬೈಲು ತೆರೆದರೆ ರೀಶಿ, ಲಯನ್ಸ್ ಮೇನ್, ಕಾರ್ಡಿಸೆಪ್ಸ್, ಚಾಗಾ ಎಂಬ ಅಣಬೆಗಳ ಪುಡಿಯ ಜಾಹೀರಾತು. ಎರಡೂ ಕಡೆ ಕೇಳಿಸುವುದು ಒಂದೇ ಮಾತು: ಅಣಬೆ ಔಷಧಿ ಇದ್ದ ಹಾಗೆ.

ಆ ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತ ಮಾತು. ಯಾವ ಅಣಬೆ, ಅದರೊಳಗೆ ಯಾವ ಸತ್ವ, ಆ ಸತ್ವ ನೀರಿಗೆ ಬಿಡುತ್ತದೋ ಮದ್ಯಸಾರಕ್ಕೆ ಬಿಡುತ್ತದೋ, ಒಲೆಯ ಕಾವಿಗೆ ಉಳಿಯುತ್ತದೋ, ಮನುಷ್ಯರ ಮೇಲೆ ಪರೀಕ್ಷೆಯಾಗಿದೆಯೋ ಇಲ್ಲ ಇಲಿಯ ಮೇಲೆ ಮಾತ್ರವೋ, ಇವನ್ನು ಕೇಳದೆ ದುಡ್ಡು ಕೊಡಬಾರದು. ಅಣಬೆಯ ಹೆಸರು ಹಿಡಿದು ಆರಿಸಬೇಡಿ, ಸತ್ವ ಹಿಡಿದು ಆರಿಸಿ. ಹಾಗೆ ಆರಿಸಿದರೆ ಹೆಚ್ಚಿನ ಸಲ ಉತ್ತರ ಕಾಡಿನಲ್ಲೂ ಇರುವುದಿಲ್ಲ, ದುಬಾರಿ ಡಬ್ಬಿಯಲ್ಲೂ ಇರುವುದಿಲ್ಲ. ತರಕಾರಿ ಅಂಗಡಿಯ ಚಿಪ್ಪಣಬೆಯಲ್ಲಿ ಸಿಗುತ್ತದೆ. ಕಾಡಣಬೆಯನ್ನು ರುಚಿಗೆ ತಿನ್ನಿ, ಗುರುತು ಬಲ್ಲವರಿಂದ ಪಡೆದು ತಿನ್ನಿ. ಔಷಧಿಯೆಂದು ಹುಡುಕಿಕೊಂಡು ಕಾಡಿಗೆ ಹೋಗುವುದಕ್ಕೆ ಕಾರಣ ತೀರ ಕಡಿಮೆ.

ರೋಗನಿರೋಧಕ ಶಕ್ತಿಗೆಂದು ಹೇಳುವ ಬೀಟಾ-ಗ್ಲೂಕಾನ್

ಅಣಬೆಯ ಜೀವಕೋಶದ ಗೋಡೆ ಕಟ್ಟಿರುವುದೇ ಕೈಟಿನ್ ಎಂಬ ಗಟ್ಟಿ ನಾರು ಮತ್ತು ಬೀಟಾ-ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿಗಳಿಂದ. ಓಟ್ಸ್‌ನಲ್ಲಿಯೂ ಬೀಟಾ-ಗ್ಲೂಕಾನ್ ಇದೆ, ಆದರೆ ಅದರ ಕೊಂಡಿಗಳು ಬೇರೆ. ಓಟ್ಸ್‌ನದು 1-3 ಮತ್ತು 1-4 ಜೋಡಣೆ, ಕೊಲೆಸ್ಟ್ರಾಲ್ ಇಳಿಸಲು ನೆರವಾಗುವುದು ಅದು. ಅಣಬೆಯದು 1-3 ಸರಪಳಿ, ಅದಕ್ಕೆ 1-6 ಕವಲುಗಳು. ನಮ್ಮ ರೋಗನಿರೋಧಕ ಕೋಶಗಳ ಮೇಲಿರುವ ಡೆಕ್ಟಿನ್-1 ಎಂಬ ಗ್ರಾಹಕ ಪ್ರೋಟೀನ್ ಗುರುತು ಹಿಡಿಯುವುದು ಇದನ್ನೇ.

ಈ ಸತ್ವದ ಖ್ಯಾತಿ ಬಂದದ್ದು ಜಪಾನಿನಿಂದ. ಶಿಟಾಕೆ ಅಣಬೆಯ ಲೆಂಟಿನಾನ್ ಬಗ್ಗೆ ಗೊರೊ ಚಿಹಾರಾ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. 1985ರಲ್ಲಿ ಅಲ್ಲಿನ ಸರ್ಕಾರ ಅದನ್ನು ಜಠರದ ಕ್ಯಾನ್ಸರಿಗೆ ಕೀಮೋ ಜೊತೆ ಕೊಡುವ ಔಷಧಿಯಾಗಿ ಒಪ್ಪಿತು. ಟ್ರಮೀಟಿಸ್ ವರ್ಸಿಕಲರ್ ಎಂಬ ಬಣ್ಣದ ಪಟ್ಟೆಗಳ ಮರದಣಬೆಯಿಂದ ತೆಗೆದ ಕ್ರೆಸ್ಟಿನ್‌ಗೆ 1977ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಮಾರಾಟಗಾರರು ನಿಮಗೆ ಇಷ್ಟನ್ನು ಹೇಳುತ್ತಾರೆ. ಲೆಂಟಿನಾನನ್ನು ಸೂಜಿಯ ಮೂಲಕ ಕೊಡುತ್ತಾರೆ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅದು ತುಂಬ ದೊಡ್ಡ ಅಣು. ತಿಂದರೆ ಕರುಳಿನಿಂದ ಹಾಗೆಯೇ ರಕ್ತಕ್ಕೆ ಹೋಗುವುದಿಲ್ಲ. ಆದ್ದರಿಂದ ಶಿಟಾಕೆ ಪಲ್ಯ ತಿಂದರೆ ಜಪಾನಿನ ಆಸ್ಪತ್ರೆಯ ಚಿಕಿತ್ಸೆ ಆದಂತಲ್ಲ. ಬಾಯಿಯ ಮೂಲಕ ಕೊಡುತ್ತಿದ್ದದ್ದು ಕ್ರೆಸ್ಟಿನ್, ಅದೂ ಶುದ್ಧೀಕರಿಸಿದ ಸಾರ, ಕೀಮೋ ಜೊತೆಗೆ.

ಊಟದ ಮಟ್ಟದಲ್ಲಿ ಬೀಟಾ-ಗ್ಲೂಕಾನ್ ಬೇಕೆಂದರೆ ಚಿಪ್ಪಣಬೆ, ಶಿಟಾಕೆ ಎರಡೂ ಸಾಕಷ್ಟು ಕೊಡುತ್ತವೆ. ಚಿಪ್ಪಣಬೆಯ ಬೀಟಾ-ಗ್ಲೂಕಾನಿಗೆ ಪ್ಲೂರಾನ್ ಎಂಬ ಪ್ರತ್ಯೇಕ ಹೆಸರೇ ಇದೆ. ಮಕ್ಕಳ ಪದೇಪದೇ ಬರುವ ಉಸಿರಾಟದ ಸೋಂಕಿನ ಮೇಲೆ ಸ್ಲೊವಾಕಿಯಾದಲ್ಲಿ ಅದರ ಪರೀಕ್ಷೆಗಳು ನಡೆದಿವೆ. ನಮ್ಮಲ್ಲಿ ಚಿಪ್ಪಣಬೆ ಬೆಳೆಯುವುದು ಸುಲಭ. ಭತ್ತದ ಹುಲ್ಲು ಮತ್ತು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ಕಡೆಯಿಂದ ತಂದ ಬಿತ್ತನೆ ಇದ್ದರೆ ಮನೆಯ ನೆರಳಿನ ಮೂಲೆಯಲ್ಲೇ ಆಗುತ್ತದೆ.

ತಪ್ಪುವುದು ಅಡುಗೆಯಲ್ಲಿ. ಬೀಟಾ-ಗ್ಲೂಕಾನ್ ಕೈಟಿನ್ ಜೊತೆ ಹೆಣೆದುಕೊಂಡಿರುವುದರಿಂದ ಎರಡು ನಿಮಿಷ ಬಾಡಿಸಿದ ಅಣಬೆಯಿಂದ ಅಷ್ಟಾಗಿ ಬಿಡುವುದಿಲ್ಲ. ಸಣ್ಣಗೆ ಹೆಚ್ಚಿ, ಸಾರಿನಲ್ಲಿ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ 30ರಿಂದ 40 ನಿಮಿಷ ಬೇಯಿಸಿ. ಒಣಗಿಸಿ ಪುಡಿ ಮಾಡಿಟ್ಟುಕೊಂಡು ಸಾರಿಗೆ ಹಾಕಿ ಕುದಿಸಿದರೆ ಇನ್ನೂ ಒಳ್ಳೆಯದು. ಬೆಂದ ನೀರನ್ನು ಚೆಲ್ಲಬೇಡಿ, ನೀರಿಗೆ ಬಿಡುವ ಸತ್ವವೆಲ್ಲ ಅದರಲ್ಲೇ ಇರುತ್ತದೆ. ಶಿಟಾಕೆಯನ್ನಂತೂ ಹಸಿಯಾಗಿ, ಅರೆಬೆಂದದ್ದಾಗಿ ತಿನ್ನಲೇಬೇಡಿ. ಕೆಲವರಿಗೆ ಒಂದೆರಡು ದಿನದಲ್ಲಿ ಬೆನ್ನು, ಹೊಟ್ಟೆಯ ಮೇಲೆ ಚಾಟಿಯಲ್ಲಿ ಹೊಡೆದಂತೆ ಉದ್ದುದ್ದ ಕೆಂಪು ಬರೆಗಳು ಏಳುತ್ತವೆ. ಇದಕ್ಕೆ ಕಾರಣವೂ ಲೆಂಟಿನಾನೇ ಎಂದು ಹೇಳಲಾಗುತ್ತದೆ. ಚೆನ್ನಾಗಿ ಬೆಂದರೆ ಆ ತೊಂದರೆ ಬರುವುದು ಅಪರೂಪ.

ನಮ್ಮಲ್ಲಿ ಒಣಕೊಂಬೆ, ಬೇಲಿಗೂಟಗಳ ಮೇಲೆ ಬೆಳೆಯುವ, ಅಡಿಯಲ್ಲಿ ಸೀಳಿದಂಥ ಪದರಗಳಿರುವ ಸಣ್ಣ ಬೂದು ಅಣಬೆ, ಸ್ಕಿಜೋಫಿಲಂ, ಇದೇ ಗುಂಪಿನದು. ಅದರ ಸ್ಕಿಜೋಫಿಲಾನ್ ಕೂಡ ಜಪಾನಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯ ಜೊತೆ ಬಳಕೆಗೆ ಬಂದಿತ್ತು. ಮಣಿಪುರದಲ್ಲಿ ಕಾಂಗ್ಲಾಯೆನ್ ಎಂದು ಅದನ್ನು ಇಷ್ಟಪಟ್ಟು ತಿನ್ನುತ್ತಾರೆ. ಒಣಗಿದ್ದನ್ನು ಮನೆಯಲ್ಲಿ ಪುಡಿಮಾಡುವ ಸಾಹಸ ಮಾತ್ರ ಬೇಡ. ಅದರ ಬೀಜಕಗಳು ಅಪರೂಪಕ್ಕೆ ಮನುಷ್ಯರ ಸೈನಸ್‌ನಲ್ಲಿ, ಶ್ವಾಸಕೋಶದಲ್ಲಿ ಬೇರೂರಿದ ಉದಾಹರಣೆಗಳಿವೆ.

ರೀಶಿಯ ಕಹಿ, ಅಡಿಕೆ ತೋಟದ ಅಣಬೆ

ರೀಶಿ ಎಂದರೆ ಗ್ಯಾನೋಡರ್ಮಾ ಕುಲದ ಅಣಬೆ. ಇದರಲ್ಲಿ ಎರಡು ಬೇರೆಬೇರೆ ಸತ್ವಗಳಿವೆ. ಒಂದು ಬೀಟಾ-ಗ್ಲೂಕಾನ್, ಬಿಸಿನೀರಿಗೆ ಬಿಡುತ್ತದೆ. ಇನ್ನೊಂದು ಗ್ಯಾನೋಡರಿಕ್ ಆಮ್ಲಗಳೆಂಬ ಟ್ರೈಟರ್ಪೀನ್‌ಗಳು. ನೀರಿಗೆ ಅಷ್ಟಾಗಿ ಬಿಡುವುದಿಲ್ಲ, ಮದ್ಯಸಾರಕ್ಕೆ ಬಿಡುತ್ತವೆ. ರೀಶಿಯ ಕಹಿಗೆ ಕಾರಣ ಇವೇ. ಎರಡೂ ಬೇಕಿದ್ದರೆ ಡಬ್ಬಿಯ ಮೇಲೆ ಬಿಸಿನೀರು ಮತ್ತು ಮದ್ಯಸಾರ ಎರಡರಿಂದಲೂ ತೆಗೆದ ಸಾರ ಎಂದು ಬರೆದಿರಬೇಕು. ನೀರಿನ ಸಾರ ಮಾತ್ರವಾದರೆ ಟ್ರೈಟರ್ಪೀನ್ ಲೆಕ್ಕಕ್ಕೆ ಸಿಗುವುದಿಲ್ಲ. ನಾಲಗೆಯ ಮೇಲೆ ಚಿಟಿಕೆ ಪುಡಿ ಇಟ್ಟು ನೋಡಿ: ಕಹಿಯೇ ಇಲ್ಲದೆ ಸಪ್ಪೆಯೋ ಸಿಹಿಯೋ ಇದ್ದರೆ ಆ ಪುಡಿಯಲ್ಲಿ ರೀಶಿಗಿಂತ ಬೇರೆ ಏನೋ ಹೆಚ್ಚಿದೆ.

ಕಷಾಯವಾದರೆ ಇಡೀ ಅಣಬೆಯನ್ನು ಮೂರ್ನಾಲ್ಕು ಮಿಲಿಮೀಟರ್ ದಪ್ಪದ ಚೂರು ಮಾಡಿಸಿಕೊಳ್ಳಿ. ಮರದಷ್ಟು ಗಟ್ಟಿ ಇರುವುದರಿಂದ ಮನೆಯ ಮಿಕ್ಸಿಗೆ ಹಾಕಿದರೆ ಹತ್ತಿಯಂತೆ ಉಬ್ಬಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಚೀನಾದ ಅಧಿಕೃತ ಔಷಧಕೋಶ ಹೇಳುವುದು ದಿನಕ್ಕೆ 6ರಿಂದ 12 ಗ್ರಾಂ ಒಣ ಅಣಬೆಯ ಕಷಾಯ. ಒಂದು ಲೀಟರ್ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ, ನೀರು ಅರ್ಧಕ್ಕಿಳಿಯುವ ತನಕ ಕುದಿಸಬೇಕು. ಚಹಾದ ಹಾಗೆ ಐದು ನಿಮಿಷ ಅದ್ದಿ ತೆಗೆದರೆ ಬಣ್ಣ ಬರುತ್ತದೆ, ಸತ್ವ ಬರುವುದಿಲ್ಲ.

ಇಷ್ಟು ಮಾಡಿದ ಮೇಲೆ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಸಕ್ಕರೆ ಕಾಯಿಲೆಯವರ ಹೃದ್ರೋಗದ ಅಪಾಯ ಇಳಿಸಲು ರೀಶಿ ನೆರವಾಗುತ್ತದೆಂಬುದಕ್ಕೆ ಆಧಾರ ಸಾಲದು ಎಂದು, ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಬಳಗದ ಪರಾಮರ್ಶೆ 2015ರಲ್ಲಿ ಹೇಳಿತು. ಕ್ಯಾನ್ಸರಿಗೆ ಮೊದಲ ಚಿಕಿತ್ಸೆಯಾಗಿ ಬಳಸಲು ಆಧಾರವಿಲ್ಲ, ಬೇಕಿದ್ದರೆ ಮುಖ್ಯ ಚಿಕಿತ್ಸೆಯ ಜೊತೆ ಯೋಚಿಸಬಹುದು ಎಂದು ಅದೇ ಬಳಗದ ಇನ್ನೊಂದು ಪರಾಮರ್ಶೆಯ ನಿಲುವು. ಚಿಕಿತ್ಸೆ ನಿಲ್ಲಿಸಿ ರೀಶಿ ಕುಡಿಯಲು ಹೇಳುವವರ ಮಾತನ್ನು ಕೇಳಲೇಬೇಡಿ. ರೀಶಿ ಪುಡಿ ತಿಂದು ಲಿವರ್ ಕೆಟ್ಟ ಪ್ರಕರಣಗಳು ಹಾಂಗ್‌ಕಾಂಗ್, ಥಾಯ್ಲೆಂಡ್‌ಗಳಿಂದ ವರದಿಯಾಗಿವೆ.

ಇನ್ನು ನಮ್ಮ ತೋಟದ ವಿಷಯ. ಅಡಿಕೆ, ತೆಂಗಿನ ಮರದ ಬುಡದಲ್ಲಿ ಮಳೆಗಾಲಕ್ಕೆ ವಾರ್ನಿಷ್ ಬಳಿದಂತೆ ಮಿರಿಮಿರಿ ಮಿಂಚುವ ಕೆಂಗಂದು ಅಣಬೆ ಏಳುತ್ತದಲ್ಲ, ಅಡಿಕೆಯಲ್ಲಿ ಅಣಬೆ ರೋಗ ಎಂದು ಕರೆಯುವುದು ಇದನ್ನೇ. ಇದೂ ಗ್ಯಾನೋಡರ್ಮಾ ಕುಲದ್ದು. ಹಾಗಾಗಿ "ತೋಟದಲ್ಲೇ ರೀಶಿ ಇದೆ, ಯಾಕೆ ಕೊಳ್ಳಬೇಕು" ಎಂಬ ಸಲಹೆ ಆಗಾಗ ಬರುತ್ತದೆ. ಎರಡು ಕಾರಣಕ್ಕೆ ಬೇಡ. ಕುಲ ಒಂದೇ ಆದರೂ ಜಾತಿ ಬೇರೆ. ಚೀನಾ, ಜಪಾನಿನಲ್ಲಿ ಬಳಸುವ ರೀಶಿಯನ್ನು (ಚೀನೀ ಹೆಸರು ಲಿಂಗ್‌ಝಿ) 2012ರಲ್ಲಿ ಗ್ಯಾನೋಡರ್ಮಾ ಲಿಂಗ್‌ಝಿ ಎಂಬ ಪ್ರತ್ಯೇಕ ಜಾತಿಯಾಗಿ ವಿಂಗಡಿಸಿದ್ದಾರೆ. ಅದರ ಟ್ರೈಟರ್ಪೀನ್ ಲೆಕ್ಕವನ್ನು ನಮ್ಮ ಮರದ ಬುಡದ ಅಣಬೆಗೆ ಹಾಕಲಾಗದು. ಎರಡನೆಯದು ಹೆಚ್ಚು ಗಂಭೀರ. ಕೊಳೆರೋಗಕ್ಕೆಂದು ಪ್ರತಿ ಮಳೆಗಾಲ ಶೇ. 1ರ ಬೋರ್ಡೋ ದ್ರಾವಣ ಹೊಡೆಯುತ್ತೇವೆ, ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ತಾಮ್ರ ವರ್ಷವರ್ಷವೂ ಮಣ್ಣಿಗಿಳಿದು ಕೂತಿರುತ್ತದೆ. ಅಣಬೆ ರೋಗಕ್ಕೆ ಬುಡಕ್ಕೆ ಹಾಕಿದ ಶಿಲೀಂಧ್ರನಾಶಕವೂ ಅದಕ್ಕೆ ಸೇರುತ್ತದೆ. ಅಣಬೆಗಳು ಲೋಹಗಳನ್ನು ಹೀರಿ ಕೂಡಿಡುವುದರಲ್ಲಿ ಗಿಡಗಳಿಗಿಂತ ಮುಂದು. ಔಷಧಿ ಹೊಡೆದ ತೋಟದಲ್ಲಿ ಎದ್ದ ಹುತ್ತದಣಬೆಗೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಎರ್ಗೊಥಯೋನಿನ್, ವಿಟಮಿನ್ ಡಿ: ಅಡುಗೆಮನೆಯಲ್ಲೇ ಸಿಗುವ ಎರಡು

ನಮ್ಮ ಮಟ್ಟಿಗೆ ಅಣಬೆ ತಿನ್ನಲು ಗಟ್ಟಿ ಕಾರಣ ಇವೆರಡೇ.

ಎರ್ಗೊಥಯೋನಿನ್ ಗಂಧಕವಿರುವ ಅಮೈನೋ ಆಮ್ಲ. 1909ರಲ್ಲಿ ಫ್ರಾನ್ಸಿನ ಶಾರ್ಲ್ ತಾನ್ರೆ ಎರ್ಗಾಟ್ ಶಿಲೀಂಧ್ರದಿಂದ ಬೇರ್ಪಡಿಸಿದ್ದು. ಅದನ್ನು ತಯಾರಿಸುವುದು ಶಿಲೀಂಧ್ರಗಳು ಮತ್ತು ಕೆಲವು ಬ್ಯಾಕ್ಟೀರಿಯಾಗಳು ಮಾತ್ರ. ಗಿಡವೂ ಮಾಡುವುದಿಲ್ಲ, ನಮ್ಮ ದೇಹವೂ ಮಾಡುವುದಿಲ್ಲ. ಆದರೂ ಅದನ್ನು ಕೋಶದೊಳಗೆ ಹೊತ್ತೊಯ್ಯಲೆಂದೇ ಒಂದು ಸಾಗಣೆ ಪ್ರೋಟೀನ್ ನಮ್ಮಲ್ಲಿದೆ ಎಂದು 2005ರಲ್ಲಿ ಗೊತ್ತಾಯಿತು. ಬೇಡದ ವಸ್ತುವಿಗೆ ದೇಹ ಇಂಥ ಏರ್ಪಾಡು ಮಾಡಿಕೊಂಡಿರಲಾರದು ಎಂಬ ತರ್ಕದ ಮೇಲೆ ಇಂದಿನ ಆಸಕ್ತಿಯೆಲ್ಲ ನಿಂತಿದೆ. ಸಿಂಗಪುರದಲ್ಲಿ 60 ದಾಟಿದ 663 ಜನರ ಅಧ್ಯಯನವೊಂದು 2019ರಲ್ಲಿ ಬಂತು: ವಾರಕ್ಕೆ ಎರಡು ಪಾಲಿಗಿಂತ ಹೆಚ್ಚು (ಒಂದು ಪಾಲೆಂದರೆ ಬೇಯಿಸಿದ 150 ಗ್ರಾಂ) ಅಣಬೆ ತಿನ್ನುವವರಲ್ಲಿ ಮರೆವಿನ ಆರಂಭದ ತೊಂದರೆ ಕಡಿಮೆ ಕಂಡಿತು. ಅಣಬೆಯಿಂದಲೇ ಹಾಗಾಯಿತೆಂದು ಇದು ಸಾಧಿಸುವುದಿಲ್ಲ, ಆದರೂ ಎಷ್ಟು ತಿನ್ನಬೇಕು ಎಂಬುದಕ್ಕೆ ಕೈಗೆಟುಕುವ ಅಳತೆಯೊಂದು ಸಿಕ್ಕಿತು.

ಯಾವುದರಲ್ಲಿ ಎಷ್ಟು? 13 ಜಾತಿಗಳನ್ನು ಅಳೆದ 2017ರ ಅಮೆರಿಕದ ಅಧ್ಯಯನದಲ್ಲಿ ಒಣತೂಕದ ಒಂದು ಗ್ರಾಮಿಗೆ 0.15ರಿಂದ 7.27 ಮಿಲಿಗ್ರಾಂ ತನಕ ವ್ಯತ್ಯಾಸವಿತ್ತು. ಮೇಲಿನ ತುದಿಯಲ್ಲಿದ್ದದ್ದು ಪೋರ್ಚಿನಿ. ಅದು ಯುರೋಪಿನ ಕಾಡಣಬೆ, ಇಲ್ಲಿ ಒಣಗಿಸಿದ್ದು ಮಾತ್ರ ಸಿಗುತ್ತದೆ, ಬೆಲೆ ವಿಪರೀತ. ಬಿಳಿ ಗುಂಡಣಬೆ (ಬಟನ್) ಕೆಳಗಿನ ಕಡೆ. ಚಿಪ್ಪಣಬೆ ಜಾತಿಗಳು ನಡುವಿನಿಂದ ಮೇಲಕ್ಕೆ. ಈ ಒಂದು ಸತ್ವದಲ್ಲಿ ಕಾಡಿನದು ಗೆಲ್ಲುತ್ತದೆ ಎನ್ನಬಹುದು, ಆದರೆ ಕಿಲೋ ಬೆಲೆ ನೋಡಿದರೆ ಚಿಪ್ಪಣಬೆಯೇ ವಾಸಿ. ಎರ್ಗೊಥಯೋನಿನ್ ಬಿಸಿಗೆ ಕೆಡುವುದಿಲ್ಲ, ಆದರೆ ನೀರಿಗೆ ಬಿಟ್ಟುಹೋಗುತ್ತದೆ. ಆದ್ದರಿಂದ ಅಣಬೆಯನ್ನು ಬೇಯಿಸಿ ಬಸಿಯುವುದಕ್ಕಿಂತ ಸಾರು, ಗೊಜ್ಜು, ಪಲಾವು ಮಾಡುವುದು ಒಳ್ಳೆಯದು.

ವಿಟಮಿನ್ ಡಿ ಕಥೆ ಬೇರೆ. ಅಣಬೆಯಲ್ಲಿರುವುದು ಎರ್ಗೊಸ್ಟೆರಾಲ್, ಬಿಸಿಲಿನ ಯುವಿ-ಬಿ ಕಿರಣ ಬಿದ್ದಾಗ ಅದು ಡಿ2 ಆಗುತ್ತದೆ. ಬಯಲಲ್ಲಿ ಬೆಳೆದ ಕಾಡಣಬೆಗೆ ಅಷ್ಟಿಷ್ಟು ಬೆಳಕು ಸಿಕ್ಕಿರುತ್ತದೆ. ಕತ್ತಲ ಕೋಣೆಯಲ್ಲಿ ಬೆಳೆದ ಗುಂಡಣಬೆಯಲ್ಲಿ ಡಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ಕೊರತೆಯನ್ನು ನೀವೇ ತುಂಬಬಹುದು. 100 ಗ್ರಾಂ ಅಣಬೆಯನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೋಳು ಮಾಡಿ, ತಟ್ಟೆಯಲ್ಲಿ ಒಂದರ ಮೇಲೊಂದು ಬರದಂತೆ ಹರಡಿ. ಚಿಪ್ಪಣಬೆಯಾದರೆ ಪದರಗಳ ಮುಖ ಮೇಲಕ್ಕಿರಲಿ. ಬೆಳಗ್ಗೆ 11ರಿಂದ ಮಧ್ಯಾಹ್ನ 2ರ ನಡುವಿನ ನೇರ ಬಿಸಿಲಿನಲ್ಲಿ 15 ನಿಮಿಷದಿಂದ ಒಂದು ಗಂಟೆ ಇಟ್ಟರೆ ಸಾಮಾನ್ಯವಾಗಿ 10 ಮೈಕ್ರೋಗ್ರಾಂಗಿಂತ ಹೆಚ್ಚು, ಅಂದರೆ 400 ಯೂನಿಟ್ ಮೀರಿ ಡಿ2 ತಯಾರಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ದೊಡ್ಡವರಿಗೆ ನಿಗದಿ ಮಾಡಿದ್ದು ದಿನಕ್ಕೆ 600 ಯೂನಿಟ್.

ಇಲ್ಲಿ ಎಡವುವುದು ಸಾಮಾನ್ಯವಾಗಿ ಮೂರು ಕಡೆ. ಕಿಟಕಿಯ ಗಾಜಿನ ಹಿಂದೆ ಇಡುತ್ತಾರೆ, ಗಾಜು ಯುವಿ-ಬಿ ತಡೆಯುತ್ತದೆ. ಇಡೀ ಗುಂಡಣಬೆಯನ್ನೇ ಇಡುತ್ತಾರೆ, ಬೆಳಕು ತಾಗುವ ಮೈ ಸಾಲದು. ಸಂಜೆಯ ಇಳಿಬಿಸಿಲಿಗೆ ಇಡುತ್ತಾರೆ, ಆಗ ಯುವಿ-ಬಿ ಹೆಚ್ಚುಕಡಿಮೆ ಇರುವುದಿಲ್ಲ. ಮಲೆನಾಡಿನಲ್ಲಿ ಆಷಾಢದ ವಾರಗಟ್ಟಲೆ ಮೋಡದಲ್ಲಂತೂ ಇದು ಆಗದ ಕೆಲಸ. ಬೇಸಿಗೆ, ಚಳಿಗಾಲಕ್ಕೆ ಇಟ್ಟುಕೊಳ್ಳಿ. ಬಿಸಿಲು ಕಾಯಿಸಿದ್ದನ್ನು ಒಂದೆರಡು ದಿನದೊಳಗೆ, ಸ್ವಲ್ಪ ಎಣ್ಣೆಯಲ್ಲಿ ಮಾಡಿ ತಿನ್ನಿ. ರಕ್ತಪರೀಕ್ಷೆಯಲ್ಲಿ ಡಿ ತೀರ ಕಡಿಮೆ ಇದೆ ಎಂದಾದರೆ ಇದನ್ನು ನೆಚ್ಚಿ ಕೂರಬೇಡಿ. ಡಿ3 ಮಾತ್ರೆ ಏರಿಸಿದಷ್ಟು ಡಿ2 ಏರಿಸುವುದಿಲ್ಲ.

ಪ್ರೋಟೀನಿಗೆಂದು ಅಣಬೆ ತಿನ್ನುವವರಿಗೆ ಒಂದು ಮಾತು: ಶೇ. 25, 30 ಪ್ರೋಟೀನ್ ಎಂಬ ಅಂಕಿ ಒಣತೂಕದ್ದು. ಹಸಿ ಅಣಬೆಯಲ್ಲಿ ಶೇ. 90ರಷ್ಟು ನೀರು, 100 ಗ್ರಾಮಿಗೆ ಸಿಗುವುದು ಎರಡು ಮೂರು ಗ್ರಾಂ ಪ್ರೋಟೀನ್.

ಡಬ್ಬಿಯಲ್ಲಿ ಬರುವ ಮೂರು ಹೆಸರುಗಳು

ಲಯನ್ಸ್ ಮೇನ್‌ನಲ್ಲಿ ಹೆರಿಸಿನೋನ್ ಮತ್ತು ಎರಿನಸಿನ್ ಎಂಬ ಎರಡು ಬಗೆಯ ಸತ್ವಗಳಿವೆ. ನರಕೋಶ ಬೆಳೆಸುವ ಪ್ರೋಟೀನನ್ನು ಇವು ಹೆಚ್ಚಿಸುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಜಪಾನಿನಲ್ಲಿ 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಣ್ಣ ಮಟ್ಟದ ಮರೆವಿದ್ದ, 50ರಿಂದ 80 ವಯಸ್ಸಿನ 30 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ ಸುಮಾರು 3 ಗ್ರಾಂ ಪುಡಿಯನ್ನು 16 ವಾರ ಕೊಟ್ಟರು. ಅವರ ಮರೆವಿನ ಪರೀಕ್ಷೆಯ ಅಂಕ ಏರಿತು, ಪುಡಿ ನಿಲ್ಲಿಸಿದ ನಾಲ್ಕು ವಾರಕ್ಕೆ ಮತ್ತೆ ಇಳಿಯಿತು. 30 ಜನರ ಪರೀಕ್ಷೆ ಎಂಬುದನ್ನು ಮರೆಯಬಾರದು. ಪ್ರಯತ್ನಿಸುವುದಾದರೆ ಅಳತೆ ಇದೇ ಇರಲಿ. ದಿನಕ್ಕೊಂದು 500 ಮಿಲಿಗ್ರಾಂ ಪುಡಿಯ ಕ್ಯಾಪ್ಸೂಲ್ ಅದರ ಆರನೇ ಒಂದು ಪಾಲು. ಹೆರಿಸಿನೋನ್ ಇರುವುದು ಅಣಬೆಯಲ್ಲಿ, ಎರಿನಸಿನ್ ಇರುವುದು ಮೈಸೀಲಿಯಂ ಎಂಬ ಬಿಳಿ ಎಳೆಗಳ ಜಾಲದಲ್ಲಿ. ಯಾವುದರಿಂದ ಮಾಡಿದ್ದೆಂದು ಬರೆಯದ ಡಬ್ಬಿಯನ್ನು ಬಿಡಿ.

ಕಾರ್ಡಿಸೆಪ್ಸ್ ಹೆಸರಿನಲ್ಲಿ ಎರಡು ಬೇರೆ ಶಿಲೀಂಧ್ರಗಳು ಮಾರಾಟವಾಗುತ್ತವೆ. ಹಿಮಾಲಯದ 3000ರಿಂದ 5000 ಮೀಟರ್ ಎತ್ತರದಲ್ಲಿ ಪತಂಗದ ಮರಿಹುಳುವಿನ ಮೇಲೆ ಬೆಳೆಯುವ, ಉತ್ತರಾಖಂಡದವರು ಕೀಡಾ ಜಡಿ ಎನ್ನುವ, ನೇಪಾಳದವರು ಯಾರ್ಸಾಗುಂಬಾ ಎನ್ನುವ ಒಫಿಯೊಕಾರ್ಡಿಸೆಪ್ಸ್ ಸೈನೆನ್ಸಿಸ್ ಒಂದು. ಕಿಲೋಗೆ ಲಕ್ಷಗಳ ಲೆಕ್ಕ. ಅಕ್ಕಿಯ ಮೇಲೆ ಪ್ರಯೋಗಾಲಯದಲ್ಲಿ ಬೆಳೆಸುವ ಕಿತ್ತಳೆ ಬಣ್ಣದ ಕಡ್ಡಿಗಳಂಥ ಕಾರ್ಡಿಸೆಪ್ಸ್ ಮಿಲಿಟಾರಿಸ್ ಇನ್ನೊಂದು. ಜನ ಹುಡುಕುವ ಕಾರ್ಡಿಸೆಪಿನ್ ಸತ್ವ 1950ರಲ್ಲಿ ಸಿಕ್ಕಿದ್ದು ಈ ಅಗ್ಗದ ಮಿಲಿಟಾರಿಸ್‌ನಲ್ಲಿ. ದುಬಾರಿ ಹಿಮಾಲಯದ್ದರಲ್ಲಿ ಅದನ್ನು ತಯಾರಿಸುವ ವಂಶವಾಹಿಗಳೇ ಕಾಣಲಿಲ್ಲ. ಅದರ ಮೇಲೆ ಹಿಮಾಲಯದ್ದರಲ್ಲಿ ಆರ್ಸೆನಿಕ್ ಮಿತಿ ಮೀರಿದೆಯೆಂದು ಚೀನಾದ ಆಹಾರ ಔಷಧಿ ಇಲಾಖೆ 2016ರಲ್ಲಿ ಎಚ್ಚರಿಸಿತು. 2020ರಲ್ಲಿ ಅದು ಅಪಾಯದಂಚಿನ ಜಾತಿಗಳ ಕೆಂಪುಪಟ್ಟಿಗೂ ಸೇರಿತು. ಇಲ್ಲಿ ಆಯ್ಕೆ ಕಷ್ಟವೇ ಅಲ್ಲ: ಬೇಕೇಬೇಕೆಂದರೆ ಬೆಳೆಸಿದ ಮಿಲಿಟಾರಿಸ್. ಬಾಯಿಂದ ತೆಗೆದುಕೊಂಡ ಕಾರ್ಡಿಸೆಪಿನ್ ರಕ್ತದಲ್ಲಿ ಬೇಗ ಒಡೆದುಹೋಗುತ್ತದೆ ಎಂಬುದೂ ನೆನಪಿರಲಿ.

ಚಾಗಾ ಚಳಿದೇಶಗಳ ಬರ್ಚ್ ಮರದ್ದು. ಕಿಡ್ನಿಯಲ್ಲಿ ಕಲ್ಲುಗಟ್ಟಬಲ್ಲ ಆಕ್ಸಲೇಟ್ ಅದರಲ್ಲಿ ವಿಪರೀತ. ದಿನಕ್ಕೆ ನಾಲ್ಕೈದು ಚಮಚದಂತೆ ಆರು ತಿಂಗಳು ಚಾಗಾ ಪುಡಿ ತಿಂದ 72 ವರ್ಷದ ಜಪಾನಿ ಮಹಿಳೆಯ ಕಿಡ್ನಿ ಕೆಟ್ಟದ್ದು 2014ರಲ್ಲಿ ವರದಿಯಾಗಿದೆ. ಕಿಡ್ನಿ ಕಲ್ಲಿನ ಇತಿಹಾಸ ಇದ್ದವರು ಇದನ್ನು ಮುಟ್ಟದಿರುವುದೇ ಲೇಸು.

ಯಾವ ಡಬ್ಬಿಯೇ ಇರಲಿ, ಪಾಲಿಸ್ಯಾಕರೈಡ್ (ಸಕ್ಕರೆಗಳ ಉದ್ದ ಸರಪಳಿ) ಇಷ್ಟು ಶೇಕಡ ಎಂದು ಬರೆದಿದ್ದರೆ ಅದನ್ನು ಗುಣವೆಂದು ಎಣಿಸಬೇಡಿ. ಪಿಷ್ಟವೂ ಪಾಲಿಸ್ಯಾಕರೈಡೇ. ಬೀಟಾ-ಗ್ಲೂಕಾನ್ ಎಷ್ಟೆಂದು ಪ್ರತ್ಯೇಕವಾಗಿ ಬರೆದಿರಬೇಕು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಬೇಕು, ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸದ ಪರೀಕ್ಷೆ ವರದಿ ಕೇಳಿದರೆ ಕೊಡುವಂತಿರಬೇಕು. ಅಮೆರಿಕದಲ್ಲಿ ಕೊಂಡ 19 ರೀಶಿ ಪೂರಕಗಳನ್ನು ಪರೀಕ್ಷಿಸಿದಾಗ ಲೇಬಲ್ಲಿಗೆ ತಕ್ಕಂತಿದ್ದವು ಐದು ಮಾತ್ರ ಎಂದು 2017ರಲ್ಲಿ ಪ್ರಕಟವಾಯಿತು.

ಧಾನ್ಯದ ಮೇಲೆ ಮೈಸೀಲಿಯಂ ಬೆಳೆಸಿ, ಧಾನ್ಯ ಸಮೇತ ಪುಡಿ ಮಾಡಿದ್ದರೆ ಮನೆಯಲ್ಲೇ ಪತ್ತೆ ಹಚ್ಚಬಹುದು. ಕಾಲು ಚಮಚ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಸೋಸಿ, ಪೂರ್ತಿ ತಣ್ಣಗಾಗಲು ಬಿಡಿ. ಗಾಯಕ್ಕೆ ಹಚ್ಚುವ ಪೋವಿಡೋನ್ ಅಯೋಡಿನ್ ದ್ರಾವಣವನ್ನು ಎರಡು ಮೂರು ಹನಿ ಹಾಕಿ. ಪಕ್ಕದಲ್ಲಿ ಹೋಲಿಕೆಗೆ ಅನ್ನದ ಗಂಜಿಗೂ ಅಷ್ಟೇ ಹಾಕಿ. ಕಡುನೀಲಿ, ಕಪ್ಪಾದರೆ ಅದರಲ್ಲಿ ಧಾನ್ಯದ ಪಿಷ್ಟ ತುಂಬಿದೆ. ನೀರು ಬಿಸಿಯಿದ್ದರೆ ಬಣ್ಣ ಬರುವುದಿಲ್ಲ, ಅವಸರ ಮಾಡಿದವರು ಮೋಸಹೋಗುವುದು ಇಲ್ಲೇ. ರೀಶಿಯ ಕಂದು ಬಣ್ಣ ನೋಡಲು ಅಡ್ಡಿಯಾದರೆ ಇನ್ನಷ್ಟು ನೀರು ಬೆರೆಸಿ. ಪಿಷ್ಟವನ್ನು ಒಡೆದು ಮಾಡಿದ ಮಾಲ್ಟೊಡೆಕ್ಸ್‌ಟ್ರಿನ್ ಪುಡಿ ಬೆರೆಸಿದ್ದರೆ ಈ ಪರೀಕ್ಷೆಗೆ ಸಿಕ್ಕದೆ ಹೋಗಬಹುದು.

ನಮ್ಮ ಕಾಡಿನ ಎರಡು: ಹುತ್ತದಣಬೆ, ಕಲ್ಲಣಬೆ

ಕೊಡವರು ಅಣಬೆಗೆ ಕುಮ್ಮು ಎನ್ನುತ್ತಾರೆ. ಅಲ್ಲೂ ಮಲೆನಾಡಿನಲ್ಲೂ ಮಳೆಗಾಲದ ಊಟದ ರಾಜ ಹುತ್ತದಣಬೆ, ಟರ್ಮಿಟೊಮೈಸಿಸ್. ಗೆದ್ದಲುಗಳು ನೆಲದಡಿ ಸಾಕಿಕೊಂಡ ಶಿಲೀಂಧ್ರ ಇದು. ಗೆದ್ದಲಿಲ್ಲದೆ ವಾಣಿಜ್ಯ ಮಟ್ಟದಲ್ಲಿ ಬೆಳೆಸಲು ಯಾರಿಗೂ ಆಗಿಲ್ಲ. ಚೀನಾದ ಜಾತಿಯೊಂದರಿಂದ ಟರ್ಮಿಟೊಮೈಸೆಸ್ಫಿನ್ ಎಂಬ ಕೊಬ್ಬಿನ ಜಾತಿಯ ಸತ್ವಗಳನ್ನು ಬೇರ್ಪಡಿಸಿದ್ದಾರೆ. ಗಾಜಿನ ತಟ್ಟೆಯ ಕೋಶಗಳಲ್ಲಿ ಅವು ನರತಂತುವಿನಂಥ ಚಿಗುರು ಹೊರಡಿಸಿದವು. ಮನುಷ್ಯರಲ್ಲಿ ಅದರಿಂದ ಏನಾದರೂ ಆಗುತ್ತದೆಂದು ಹೇಳಲು ಆಧಾರವಿಲ್ಲ. ಕಲ್ಲಣಬೆ, ತುಳುವಿನ ಕಲ್ಲಾಲಂಬು, ಅಸ್ಟ್ರಿಯಸ್ ಕುಲದ್ದು; ಧೂಪ, ಬೋಗಿ ಜಾತಿಯ ಮರಗಳ ಬೇರಿನೊಂದಿಗೆ ಬಾಳುತ್ತದೆ. ಅದರಿಂದ ಕಲ್ಕತ್ತ ವಿಶ್ವವಿದ್ಯಾಲಯದವರು ಆಸ್ಟ್ರಾಕುರ್ಕುರಾಲ್ ಎಂಬ ಟ್ರೈಟರ್ಪೀನ್ ತೆಗೆದು ಕಾಲಾ ಅಜಾರ್ ಜ್ವರ ತರುವ ಪರೋಪಜೀವಿಯ ಮೇಲೆ ಪರೀಕ್ಷಿಸಿ ನೋಡಿದ್ದಾರೆ. ಅದೂ ಪ್ರಯೋಗಾಲಯದ ಹಂತ. ಇವೆರಡನ್ನೂ ಔಷಧಿಯೆಂದು ಹೇಳಿ ಬೆಲೆ ಏರಿಸುವವರಿಗೆ ಬೆಲೆ ಕೊಡಬೇಡಿ. ಇವುಗಳ ರುಚಿಗೇ ಆ ಬೆಲೆ ಸಲ್ಲುತ್ತದೆ.

ಗುರುತಿನಲ್ಲಿ ಜೀವದ ಪ್ರಶ್ನೆ ಇದೆ. ಹುತ್ತದಣಬೆಯನ್ನು ಕೀಳಬಾರದು, ಚಾಕುವಿನಿಂದ ಮಣ್ಣು ಬಿಡಿಸಿ ಎತ್ತಬೇಕು. ದೊಡ್ಡ ಜಾತಿಗಳ ದಂಟು ಕೆಳಗೆ ಸಪೂರವಾಗುತ್ತ ಬೇರಿನಂತೆ ಗೆದ್ದಲ ಗೂಡಿನ ತನಕ ಇಳಿದಿರುತ್ತದೆ. ಕೊಡೆಯ ನೆತ್ತಿ ಮೊನಚು, ಬೀಜಕದ ಬಣ್ಣ ನಸುಗುಲಾಬಿ. ನುಚ್ಚಿನಂತೆ ನೂರಾರು ಒಟ್ಟಿಗೆ ಏಳುವ ಪುಟ್ಟ ಜಾತಿಗೆ ಈ ಉದ್ದ ಬೇರಿಲ್ಲ. ದಂಟಿನ ಬುಡದಲ್ಲಿ ಚೀಲದಂಥ ಬಟ್ಟಲಿದ್ದರೆ ಅದು ಅಮನಿಟಾ, ಕಡುವಿಷವಾಗಿರಬಹುದು. ಕಿತ್ತಾಗ ಆ ಬಟ್ಟಲು ಮಣ್ಣಲ್ಲೇ ಉಳಿದುಬಿಡುತ್ತದೆ, ಅಗೆದು ಎತ್ತಿ ಎನ್ನುವುದು ಇದಕ್ಕೇ. ಹುಲ್ಲುಹಾಸಿನಲ್ಲಿ, ಬಿಳಿ ಕೊಡೆಯ ಮೇಲೆ ಕಂದು ಹೊಪ್ಪಳೆ, ದಂಟಿನ ಮೇಲೆ ಬಳೆ ಇರುವುದು ಕ್ಲೋರೊಫಿಲಂ. ತಿಂದ ಒಂದರಿಂದ ಮೂರು ಗಂಟೆಯಲ್ಲಿ ವಾಂತಿಭೇದಿ ಹಿಡಿಸುತ್ತದೆ. ಅದರ ಗುಟ್ಟು ಬಯಲಾಗುವುದು ಬೀಜಕದ ಅಚ್ಚಿನಲ್ಲಿ. ದಂಟು ಕತ್ತರಿಸಿ, ಕೊಡೆಯನ್ನು ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಬೋರಲು ಹಾಕಿ, ಬಟ್ಟಲು ಮುಚ್ಚಿ, ರಾತ್ರಿಯಿಡೀ ಬಿಡಿ. ಹಸಿರು ಅಚ್ಚು ಬಿದ್ದರೆ ಕ್ಲೋರೊಫಿಲಂ. ಅಪ್ಪಟ ಬಿಳಿ ಬಿದ್ದರೆ ಹುತ್ತದಣಬೆಯಲ್ಲ. ನಸುಗುಲಾಬಿ ಬಿದ್ದ ಮಾತ್ರಕ್ಕೆ ತಿನ್ನಬಹುದು ಎಂದಲ್ಲ, ಗುಲಾಬಿ ಅಚ್ಚಿನ ವಿಷದಣಬೆಗಳೂ ಇವೆ. ಬೇರು, ನೆತ್ತಿ, ಬುಡ ಎಲ್ಲ ಕೂಡಿ ಹೊಂದಬೇಕು.

ಕಲ್ಲಣಬೆಯನ್ನು ಒಂದೊಂದನ್ನೂ ಮೇಲಿಂದ ಕೆಳಗೆ ಎರಡು ಹೋಳು ಮಾಡಿ. ಒಳಗೆ ಉದ್ದಕ್ಕೂ ಒಂದೇ ಸಮ ಬಿಳಿ ಇದ್ದರೆ ಎಳೆಯದು. ಕಂದು, ಕಪ್ಪಾಗಿದ್ದರೆ ಬಲಿತದ್ದು, ಎಸೆಯಿರಿ. ದಪ್ಪ ಸಿಪ್ಪೆ, ಒಳಗೆ ಗಟ್ಟಿಯಾದ ಊದಾಗಪ್ಪು ತಿರುಳು ಇರುವುದು ಸ್ಕ್ಲೆರೊಡರ್ಮಾ, ವಿಷದ್ದು. ಹೋಳಿನೊಳಗೆ ಪುಟ್ಟ ಕೊಡೆ, ದಂಟಿನ ಗೆರೆ ಮೂಡಿದ್ದರೆ ಅದು ಅಮನಿಟಾದ ಮೊಗ್ಗು, ಆಗ ಇಡೀ ಬುಟ್ಟಿಯನ್ನೇ ಬಿಟ್ಟುಬಿಡಿ.

ಎರಡನ್ನೂ ತಂದ ದಿನವೇ ಚೆನ್ನಾಗಿ ಬೇಯಿಸಿ ತಿನ್ನಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ರಾತ್ರಿ ಕಳೆದ ಹುತ್ತದಣಬೆ ಒಳ್ಳೆಯ ಜಾತಿಯದೇ ಆದರೂ ಹೊಟ್ಟೆ ಕೆಡಿಸುತ್ತದೆ. ಉತ್ತರದಿಂದ ಬರುವ ಗುಚ್ಛಿ (ಮೊರೆಲ್) ಅಣಬೆಗೂ ಬೇಯಿಸುವ ನಿಯಮ ಕಟ್ಟುನಿಟ್ಟು. 2023ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಹಸಿ, ಅರೆಬೆಂದ ಗುಚ್ಛಿ ಜಾತಿಯ ಅಣಬೆ ತಿಂದು 51 ಜನ ಕಾಯಿಲೆಬಿದ್ದರು, ಇಬ್ಬರು ತೀರಿಕೊಂಡರು.

ಯಾರು ಬಿಡಬೇಕು, ವಿಷವಾದರೆ ಏನು

ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಅಂಗ ಕಸಿಯಾದವರು, ಸದ್ಯದಲ್ಲೇ ಶಸ್ತ್ರಚಿಕಿತ್ಸೆ ಇರುವವರು, ಗರ್ಭಿಣಿಯರು ರೀಶಿ, ಕಾರ್ಡಿಸೆಪ್ಸ್ ಸಾರಗಳನ್ನು ವೈದ್ಯರಿಗೆ ತೋರಿಸದೆ ಶುರುಮಾಡಬಾರದು. ಸಕ್ಕರೆ ಮಾತ್ರೆ ನುಂಗುವವರಿಗೆ ಸಕ್ಕರೆ ಅತಿಯಾಗಿ ಇಳಿಯಬಹುದು. ಊಟದ ಅಣಬೆಗೆ ಈ ನಿರ್ಬಂಧ ಸಾಮಾನ್ಯವಾಗಿ ಇಲ್ಲ. ಆದರೆ ಕಿಡ್ನಿ ಕಾಯಿಲೆಯಿಂದ ಪೊಟ್ಯಾಸಿಯಂ ಲೆಕ್ಕ ಹಾಕುವವರು, ಗೌಟ್ ಇರುವವರು ಪ್ರಮಾಣ ಕೇಳಿಕೊಳ್ಳಿ.

ಅಮನಿಟಾದ ಅಮಾಟಾಕ್ಸಿನ್ ಎಂಬ ವಿಷ ಕುದಿಸಿದರೂ ಒಣಗಿಸಿದರೂ ಹೋಗದು. ಬೆಳ್ಳಿ ನಾಣ್ಯ ಕಪ್ಪಾಗುವುದು, ಬೆಳ್ಳುಳ್ಳಿ, ಅರಿಶಿನ ಬಣ್ಣ ಬದಲಿಸುವುದು, ಹುಳ ತಿಂದಿರುವುದು, ಈ ಯಾವ ಪರೀಕ್ಷೆಗೂ ಅದು ಸಿಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಮೇಲಣ ಅಸ್ಸಾಮಿನಲ್ಲಿ ಕಾಡಣಬೆ ತಿಂದ 13 ಜನ ಸತ್ತರು, ಹೆಚ್ಚಿನವರು ಚಹಾ ತೋಟದ ಕೂಲಿ ಕುಟುಂಬದವರು.

ಗಡಿಯಾರ ನೋಡಿಕೊಳ್ಳಿ. ತಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾದರೆ ಹೆಚ್ಚಾಗಿ ಹೊಟ್ಟೆಯ ಮಟ್ಟಿನ ವಿಷ. ಆರು ಗಂಟೆ ದಾಟಿದ ಮೇಲೆ ಶುರುವಾದರೆ ಲಿವರಿಗೆ ಬಡಿಯುವ ವಿಷವೆಂದೇ ತಿಳಿದು ಹೊರಡಬೇಕು. ಎರಡು ಬಗೆಯೂ ಒಂದೇ ಊಟದಲ್ಲಿ ಸೇರಿರಬಹುದಾದ್ದರಿಂದ ಬೇಗ ಶುರುವಾಯಿತೆಂದೂ ಮನೆಯಲ್ಲಿ ಕೂರಬಾರದು. 108ಕ್ಕೆ ಕರೆ ಮಾಡಿ, ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಹೋಗಿ. ಉಳಿದ ಹಸಿ ಅಣಬೆಯನ್ನು, ಇಲ್ಲವೇ ಕಸದಲ್ಲಿ ಬಿದ್ದ ದಂಟಿನ ಬುಡವನ್ನು ಕಾಗದದಲ್ಲಿ ಸುತ್ತಿ ಜೊತೆಗೊಯ್ಯಿರಿ. ಅದೇ ಊಟ ಮಾಡಿದ, ಇನ್ನೂ ಏನೂ ಆಗದ ಮನೆಯವರನ್ನೂ ಕರೆದೊಯ್ಯಿರಿ. ಎರಡನೆಯ ದಿನ ವಾಂತಿಭೇದಿ ನಿಂತು ಗೆಲುವಾದಂತೆ ಕಾಣುವ ಒಂದು ಹಂತ ಬರುತ್ತದೆ. ಆಗ ಹಟಮಾಡಿ ಡಿಸ್ಚಾರ್ಜ್ ಮಾಡಿಸಿಕೊಳ್ಳಬೇಡಿ. ಲಿವರ್ ಒಳಗೊಳಗೇ ಕೆಡುತ್ತಿರುವುದು ಆ ಹೊತ್ತಿನಲ್ಲೇ, ಮೂರು ನಾಲ್ಕನೆಯ ದಿನದ ರಕ್ತಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ.